ಕುದಿಯುವ ಕಲ್ಲಿನಲ್ಲಿ ಅಯಾನುಗಳ ಸಂಚಾರ

ಸ್ವೀಡನ್ ದೇಶದ ಖನಿಜಶಾಸ್ತ್ರಜ್ಞನಾದ ಕ್ರೋನ್‌ಸ್ಟೆಟ್ ಎಂಬವನು 1756ನೆಯ ಇಸವಿಯಲ್ಲಿ ಒಂದು ಬಗೆಯ ಕಲ್ಲನ್ನು ಊದುಕೊಳವೆಯ ಉರಿಗೆ ಹಿಡಿಯಲಾಗಿ, ಅದು ನೊರೆಯೆದ್ದು ಕುದಿಯುವಂತೆ ತೋರಿತು. ಗ್ರೀಕ್ ಭಾಷೆಯಲ್ಲಿ ಕುದಿಯುವುದಕ್ಕೂ ಕಲ್ಲಿಗೂ ಇರುವ ಶಬ್ದಗಳನ್ನು ಕೂಡಿಸಿ ಆತನು ಅದಕ್ಕೆ ‘ಜಿಯೊಲೈಟ್’ ಎಂದು ಹೆಸರಿಟ್ಟನು. ಕುದಿದುದು ಕಲ್ಲಲ್ಲ, ಅದರ ಸೂಕ್ಷ್ಮರಂಧ್ರಗಳಲ್ಲಿದ್ದ ನೀರು. ಈ ನೀರನ್ನು ಕಳೆದರೂ ಹರಳು ಕೆಡದೆ, ಪುನಃ ನೀರನ್ನು ಹೀರಬಲ್ಲುದೆಂದು ಫ್ರಾನ್ಸಿನ ದಾಮೂರನು 1840ರಲ್ಲಿ ತೋರಿಸಿದನು. ಆದರೆ ಅದೇ ರಂಧ್ರಗಳಲ್ಲಿ ವಿದ್ಯುದಂಶವುಳ್ಳ ಕಣಗಳೂ ಸಂಚರಿಸುತ್ತವೆಂಬ ಸಂಗತಿಗೆ ಮೊದಲ ಸುಳಿವು ದೊರೆತುದು ಹೊಲದ ಮಣ್ಣಿನಲ್ಲಿ.

ಗೊಬ್ಬರದ ಅಮೋನಿಯವು ಮಳೆಯಲ್ಲಿ ಕೊಚ್ಚಿಹೋಗುವುದೋ, ಮಣ್ಣಿನಲ್ಲಿ ನಿಲ್ಲುವುದೋ ಎಂಬುದು ಒಕ್ಕಲಿಗನಿಗೆ ಲಾಭನಷ್ಟದ ಪ್ರಶ್ನೆ. ಇಂಗ್ಲೆಂಡಿನ ಭೂಮಾಲಿಕನಾದ ಥಾಂಪ್ಸನ್ನನು ಅಮೋನಿಯಂ ಸಲ್ಫೇಟಿನ ದ್ರಾವಣವನ್ನು ಮಣ್ಣಿನ ಮೂಲಕ ಸೋಸಿದಾಗ, ಕೆಳಗಿಳಿದ ನೀರಿನಲ್ಲಿ ಕ್ಯಾಲ್ಸಿಯಂ ಸಲ್ಫೇಟು ಕಂಡುಬಂದಿತು. ಮಣ್ಣು ಅಮೋನಿಯವನ್ನು ಹಿಡಿದು ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಟ್ಟಿತ್ತು. ಈ ಪರೀಕ್ಷೆಗಳೂ, ಇವನ್ನು ವಿಸ್ತರಿಸಿದ ರಸಾಯನಶಾಸ್ತ್ರಜ್ಞ ವೇ ಎಂಬವನ ಪರೀಕ್ಷೆಗಳೂ 1850ರಲ್ಲಿ ಪ್ರಕಟವಾದುವು. ವೇ ಈ ವಿನಿಮಯವು ಹಿಂತಿರುಗದೆಂದು ಭಾವಿಸಿದನು. ಜರ್ಮನಿಯ ಐಕ್‌ಹಾರ್ನನು 1858ರಲ್ಲಿ ಜಿಯೊಲೈಟುಗಳನ್ನೇ ಲವಣದ್ರಾವಣಗಳಲ್ಲಿಟ್ಟು, ಹಿಡಿದುದನ್ನು ಅವು ಮರಳಿ ಬಿಡುತ್ತವೆಂದು ತೋರಿಸಿ ಆ ತಪ್ಪನ್ನು ತಿದ್ದಿದನು. ಈ ತಿದ್ದುಪಡಿಯ ಬೆಲೆ ದೊಡ್ಡದು: ಮರಳಿ ಕೊಡದಿದ್ದ ಪಕ್ಷದಲ್ಲಿ ಮಣ್ಣು ಬೆಳೆಗೆ ಉಗ್ರಾಣವಾಗದೆ ಸೆರೆಮನೆಯಾಗುತ್ತಿತ್ತು. ಗಡಸುನೀರನ್ನು ಮೆದುಮಾಡಲು 1905ರ ಸುಮಾರಿಗೆ ಗಾನ್ಸನು ಕೃತಕ ಜಿಯೊಲೈಟುಗಳನ್ನು ಬಳಸಿ, ಅವು ತುಂಬಿದಾಗ ಉಪ್ಪುನೀರಿನಿಂದ ತೊಳೆದು ಹೊಸದಾಗಿಸಿದುದೂ ಈ ಗುಣದ ಬಲದಿಂದಲೇ.

ಇದರ ಕಾರಣವು ಕ್ಷಕಿರಣಗಳ ನೆರವಿನಿಂದ ಸ್ಪಷ್ಟವಾಯಿತು. 1930ರಲ್ಲಿ ಪಾಲಿಂಗ್, ಟೇಲರ್ ಮುಂತಾದವರು ಈ ಹರಳುಗಳ ರಚನೆಯನ್ನು ಬಿಡಿಸಿದರು. ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳು ಹೆಣೆದ ಚೌಕಟ್ಟಿನಲ್ಲಿ, ಸಿಲಿಕಾನಿನ ಸ್ಥಾನವನ್ನು ಅಲ್ಯೂಮಿನಿಯಂ ಹಿಡಿದ ಒಂದೊಂದೆಡೆಯಲ್ಲಿಯೂ ಚೌಕಟ್ಟಿಗೆ ಒಂದು ಋಣವಿದ್ಯುದಂಶವು ಮಿಗುವುದು. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂ ಮೊದಲಾದ ಧನ ಅಯಾನುಗಳು ರಂಧ್ರಗಳಲ್ಲಿ ನೆಲೆಸುವುವು. ಇವು ಚೌಕಟ್ಟಿಗೆ ಋಣಿಗಳೇ ಹೊರತು ಅದರಲ್ಲಿ ಹುದುಗಿದವಲ್ಲ.

ಹಾಗಿದ್ದಲ್ಲಿ, ಹರಳಿಗೆ ವಿದ್ಯುದ್ಬಲವನ್ನು ಒಡ್ಡಿದರೆ ಅವು ಚಲಿಸಲೇಬೇಕು. ಅಮೆರಿಕದ ಮಿಲ್ಟನ್ನನೂ ಅವನ ಸಂಗಡಿಗರೂ 1949ರಿಂದ ಮುಂದಕ್ಕೆ ಶುದ್ಧ ಕೃತಕ ಜಿಯೊಲೈಟುಗಳನ್ನು ತಯಾರಿಸಿದ ಬಳಿಕ ಇಂತಹ ಅಳತೆಗಳು ಸುಲಭವಾದುವು. ಫ್ರೀಮನ್, ಸ್ಟಾಮಿರೆಸ್ ಎಂಬವರು 1961ರಲ್ಲಿ ಅವುಗಳ ವಿದ್ಯುದ್ವಾಹಕತೆಯನ್ನು ಪ್ರಕಟಿಸಿದರು. ಚೌಕಟ್ಟು ವಿದ್ಯುತ್ತನ್ನು ಒಯ್ಯದು. ಅಯಾನುಗಳೇ ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಜಿಗಿದು ಒಯ್ಯುವುವು. ಲೋಹದ ವಾಹಕತೆಯು ಕಾಯಿಸಿದಂತೆ ಕುಗ್ಗಿದರೆ, ಜಿಗಿತಕ್ಕೆ ಬೇಕಾದ ಶಕ್ತಿಯನ್ನು ಶಾಖವು ಒದಗಿಸುವುದರಿಂದ ಒಣ ಜಿಯೊಲೈಟಿನದು ಹೆಚ್ಚುವುದು. ನೀರು ಸೇರಿದಾಗ ಅಯಾನಿನ ಮೇಲೆ ಚೌಕಟ್ಟಿನ ಹಿಡಿತವು ಸಡಿಲವಾಗಿ ಸಂಚಾರವು ಇನ್ನೂ ಸುಗಮವಾಗುವುದು.

ಕ್ರೋನ್‌ಸ್ಟೆಟ್ಟನ ಉರಿ, ಥಾಂಪ್ಸನ್ನನ ಮಣ್ಣು, ವಿದ್ಯುನ್ಮಾಪಕ ಈ ಮೂರೂ ಒಂದೇ ರಂಧ್ರಮಾರ್ಗದ ಸಾಕ್ಷಿಗಳು. ಕಲ್ಲಿನಲ್ಲಿರಬೇಕಾದ ಧನವಿದ್ಯುದಂಶದ ಮೊತ್ತವು ನಿಶ್ಚಿತ. ಅದನ್ನು ಹೊರುವ ಅಯಾನು ಯಾವುದು, ಯಾವ ನೆಲೆಯಲ್ಲಿದೆ ಎಂಬುದು ನಿಶ್ಚಿತವಲ್ಲ. ವೇ ಮೊದಲನೆಯದನ್ನು ಕಂಡು ಎರಡನೆಯದನ್ನು ಕಾಣದೆ ಹೋದನು.