ಗ್ರಂಥಾಲಯಗಳಲ್ಲಿ ಕಾದಂಬರಿಗಳ ವಿಷಯ ನಿರ್ಧಾರ: ಓದುಗರಿಗೆ ಮಾಹಿತಿ

ಗ್ರಂಥಾಲಯಕ್ಕೆ ಬರುವ ಹಲವು ಓದುಗರಿಗೆ ಕಾದಂಬರಿಯ ಹೆಸರಾಗಲೀ ಲೇಖಕರ ಹೆಸರಾಗಲೀ ನೆನಪಿರುವುದಿಲ್ಲ. ಚಿತ್ರದುರ್ಗದ ಪಾಳೆಯಗಾರರ ಕಥೆ, ಸಂಗೀತಗಾರರ ಬದುಕಿನ ಕಥೆ ಎಂದು ವಿಷಯ ಹೇಳಿಯೇ ಪುಸ್ತಕ ಕೋರುತ್ತಾರೆ. ಆದರೆ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ರೇಷ್ಮೆ ಹುಳು ಸಾಕಣೆಯ ಕೈಪಿಡಿಗೆ 638.2 ಎಂಬ ಪ್ರತ್ಯೇಕ ಸಂಖ್ಯೆಯಿದ್ದರೆ, ಕನ್ನಡ ಕಾದಂಬರಿಗಳು ಯಾವ ವಿಷಯದವಾದರೂ 894.8143ರ ಅಡಿಯಲ್ಲೇ ಸೇರುತ್ತವೆ. ಈ ಕೊರತೆಯನ್ನು ಗ್ರಂಥಸೂಚಿಯಲ್ಲಿ ನೀಡುವ ವಿಷಯ ಶೀರ್ಷಿಕೆಗಳಿಂದ ನೀಗಿಸಬೇಕಾಗುತ್ತದೆ.

ಅಮೆರಿಕದ ಗ್ರಂಥಾಲಯ ಸಂಘವು 1990ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಕಥಾಸಾಹಿತ್ಯಕ್ಕೆ ಪ್ರಕಾರ, ಪಾತ್ರ, ಸನ್ನಿವೇಶ (ಸ್ಥಳ ಮತ್ತು ಕಾಲ) ಹಾಗೂ ವಸ್ತು ಎಂಬ ನಾಲ್ಕು ದಾರಿಗಳನ್ನು ಸೂಚಿಸಿದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ (1982) ಐತಿಹಾಸಿಕ ಕಾದಂಬರಿ, ಮದಕರಿ ನಾಯಕ, ಚಿತ್ರದುರ್ಗ ಎಂದು ನಮೂದಿಸುವುದು ಸುಲಭ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಅಷ್ಟು ಸುಲಭವಲ್ಲ. ಹೆಸರನ್ನಷ್ಟೇ ನೋಡಿದರೆ ಅದು ವಿಧಿವಿಧಾನಗಳ ಗ್ರಂಥವೆನಿಸೀತು. ಅಗ್ರಹಾರ ಜೀವನ, ಶವಸಂಸ್ಕಾರ ಎಂಬ ಶೀರ್ಷಿಕೆಗಳು ಕಥೆಯಲ್ಲಿಯೇ ಇರುವಂಥವು. ಸಂಪ್ರದಾಯದ ಖಂಡನೆ ಎಂದು ಬರೆದರೆ ಅದು ಸೂಚಿಕಾರರ ಅಭಿಪ್ರಾಯವಾಗುತ್ತದೆ. ಅದೇ ಕೃತಿಯನ್ನು ಆತ್ಮಶೋಧನೆಯ ಕಥೆಯೆಂದು ಓದಿದವರೂ ಇದ್ದಾರೆ. ಅಂತಹ ತೀರ್ಪನ್ನು ಓದುಗರಿಗೆ ಬಿಡುವುದೇ ಉಚಿತ.

ಚಿಂತಾಮಣಿ ತಾಲ್ಲೂಕಿನ ಕೈವಾರದ ಉದಾಹರಣೆಯನ್ನೂ ಗಮನಿಸಬಹುದು. ಭೀಮನು ಬಕಾಸುರನನ್ನು ಕೊಂದ ಏಕಚಕ್ರಪುರವೇ ಈ ಊರೆಂದು ಸ್ಥಳೀಯ ಐತಿಹ್ಯವಿದೆ. ಇಲ್ಲಿ ಭೀಮಲಿಂಗೇಶ್ವರ ದೇವಾಲಯವೂ ಇದೆ. ಹಾಗೆಂದು ಮಹಾಭಾರತವನ್ನು ಆಧರಿಸಿದ ಎಸ್.ಎಲ್. ಭೈರಪ್ಪನವರ ‘ಪರ್ವ’ಕ್ಕೆ (1979) ‘ಕೈವಾರ’ ಎಂಬ ಶೀರ್ಷಿಕೆ ನೀಡಬಹುದೇ? ನೀಡಲಾಗದು. ಐತಿಹ್ಯವು ಊರಿನದು, ಕೃತಿಯದಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿಯೂ ಏಕಚಕ್ರವೆಂದು ನಂಬಲಾದ ಊರಿದೆ. ‘ಮಹಾಭಾರತ – ಕಾದಂಬರಿ’ ಎಂಬ ಶೀರ್ಷಿಕೆ ಸಾಕು. ಕೈವಾರದ ಸ್ಥಳಪುರಾಣ ಅಥವಾ ಯೋಗಿ ನಾರೇಯಣ ತಾತಯ್ಯನವರ ಜೀವನವನ್ನೇ ಕುರಿತ ಪುಸ್ತಕಕ್ಕೆ ಮಾತ್ರ ಊರಿನ ಹೆಸರು ಸಲ್ಲುತ್ತದೆ. ಇಲ್ಲವಾದಲ್ಲಿ ಊರಿನ ಬಗ್ಗೆ ತಿಳಿಯಬಯಸಿದವರ ಕೈಗೆ ಊರಿನ ಪ್ರಸ್ತಾಪವೇ ಇಲ್ಲದ ಪುಸ್ತಕ ಸೇರುತ್ತದೆ.

ಗ್ರಾಮ ಪಂಚಾಯಿತಿ ಗ್ರಂಥಾಲಯದಂತಹ ಚಿಕ್ಕ ಸಂಗ್ರಹಗಳಲ್ಲಿ ಇಂತಹ ಶೀರ್ಷಿಕೆಗಳು ಇಲ್ಲದಿರಬಹುದು. ಆಗ ಓದುಗರು ಕಥೆ ನಡೆಯುವ ಸ್ಥಳ, ಕಾಲ, ಪಾತ್ರಗಳ ವೃತ್ತಿ, ನೆನಪಿರುವ ಒಂದು ಘಟನೆ ಇವುಗಳನ್ನು ಮೇಲ್ವಿಚಾರಕರಿಗೆ ತಿಳಿಸುವುದು. ‘ಒಳ್ಳೆಯ ಸಾಮಾಜಿಕ ಕಾದಂಬರಿ’ ಎಂಬ ಕೋರಿಕೆಗೆ ಇಡೀ ಕಪಾಟನ್ನೇ ತೋರಿಸಬೇಕಾಗುತ್ತದೆ. ‘ಕರಾವಳಿಯ ಒಂದು ಕುಟುಂಬದ ಮೂರು ತಲೆಮಾರು’ ಎಂದರೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941) ಕೂಡಲೇ ದೊರೆಯುತ್ತದೆ.