ಕಿತ್ತೂರಿನಿಂದ ಶೇಡಬಾಳಕ್ಕೆ: ಆರಂಭದ ಗವರ್ನರುಗಳೂ ದತ್ತಕದ ಪ್ರಶ್ನೆಯೂ

ಪೇಶವೆಯರ ಕಾಲದಲ್ಲಿ ಕೃಷ್ಣಾತೀರದ ಉಗಾರ ಖುರ್ದದ ಸುತ್ತಣ ಸೀಮೆಯಲ್ಲಿ ಪಟವರ್ಧನ ಮನೆತನದ ಜಹಗೀರುಗಳು ಹರಡಿದ್ದವು. 1818ರಲ್ಲಿ ಬೆಳಗಾವಿಯ ಕೋಟೆಯನ್ನು ಗೆದ್ದ ಥಾಮಸ್ ಮನ್ರೋವಿನ ಸೈನ್ಯ ಅಲ್ಪವಾಗಿದ್ದಿತು. ಆದುದರಿಂದ ನಾಡೊಡೆಯರನ್ನು ಒಲಿಸಿಕೊಳ್ಳುವುದೇ ಲೇಸೆಂದು ಅವನು ಬಗೆದನು. ಮುತ್ತಿಗೆಯಲ್ಲಿ ನೆರವಾದ ಕಿತ್ತೂರಿನ ದೇಸಾಯಿಗೆ ಸಂಸ್ಥಾನವು ಸ್ಥಿರವಾಯಿತು. 1819ರಲ್ಲಿ ಪಟವರ್ಧನರೊಡನೆ ಒಪ್ಪಂದಗಳಾದವು. ಮರುವರ್ಷ ಮನ್ರೋ ಮದ್ರಾಸಿನ ಗವರ್ನರನಾದನು. ಮುಂಬಯಿಯಲ್ಲಿ 1819ರಿಂದ 1827ರವರೆಗೆ ಎಲ್ಫಿನ್‌ಸ್ಟನ್ ಗವರ್ನರನಾಗಿದ್ದನು.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ತೀರಿಕೊಂಡನು. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಎಲ್ಫಿನ್‌ಸ್ಟನ್ನನ ಸರಕಾರವೂ ಮನ್ನಿಸಲಿಲ್ಲ. ರಾಣಿ ಚೆನ್ನಮ್ಮನು ಎದುರಿಸಿ ನಿಂತಳು. ಅಕ್ಟೋಬರ್ 23ರಂದು ಥ್ಯಾಕರೆ ಮಡಿದನು. ಡಿಸೆಂಬರಿನ ಕಾಳಗದಲ್ಲಿ ಮನ್ರೋವಿನ ಸೋದರನ ಮಗನೂ, ಸೊಲ್ಲಾಪುರದ ಸಬ್-ಕಲೆಕ್ಟರನೂ ಆಗಿದ್ದ ಜಾನ್ ಕಾಲಿನ್ಸ್ ಮನ್ರೋ ಗಾಯಗೊಂಡು ಅಸುನೀಗಿದನು. ಕಿತ್ತೂರು ಕಂಪನಿಯ ವಶವಾಯಿತು.

ದತ್ತಕವನ್ನು ನಿರಾಕರಿಸಿ ರಾಜ್ಯಗಳನ್ನು ಸೇರಿಸಿಕೊಂಡ ಅಪಕೀರ್ತಿಯು ಡಾಲ್‌ಹೌಸಿಗೆ ಸಂದಿದೆ. ಆದರೆ ಅವನು ಸಾತಾರೆಯನ್ನು ಸೇರಿಸಿಕೊಂಡ 1848ಕ್ಕಿಂತ 24 ವರ್ಷ ಮೊದಲೇ ಆ ನೀತಿಯ ಪ್ರಯೋಗವು ಕಿತ್ತೂರಿನಲ್ಲಿ ನಡೆದಿದ್ದಿತು. 1857ರಲ್ಲಿ ಉಗಾರದ ನೆರೆಯ ಶೇಡಬಾಳದ ಜಹಗೀರೂ ವಾರಸಿಲ್ಲವೆಂದು ಕಂಪನಿಗೆ ಸೇರಿತು. ಒಡೆತನವು ವಂಶಕ್ಕೆ ಸಂದುದೆಂದು ಒಡೆಯರು ತಿಳಿದಿದ್ದರು; ಔರಸ ಸಂತತಿಯಿರುವವರೆಗೆ ಮಾತ್ರವೆಂದು ಕಂಪನಿ ಅರ್ಥೈಸಿತು. ಕಿತ್ತೂರಿನ ಕದನಕ್ಕೆ ಮೂಲವು ಈ ಅರ್ಥಭೇದವೇ.