ಸಂನ್ಯಾಸಿಯ ಕೈಯಲ್ಲಿ ಬೊಕ್ಕಸ

ಇಟಲಿಯ ಸಿಯೆನಾ ನಗರದ ಸರ್ಕಾರಿ ಪತ್ರಾಗಾರದಲ್ಲಿ ನೂರಕ್ಕೂ ಹೆಚ್ಚು ಚಿತ್ರಿತ ಮರದ ಹಲಗೆಗಳಿವೆ. ಮೊದಲ ನೋಟಕ್ಕೆ ಅವು ಯಾವುದೋ ಹಳೆಯ ಚರ್ಚಿನ ಚಿತ್ರಪಟಗಳೆನ್ನಿಸುತ್ತವೆ. ವಾಸ್ತವದಲ್ಲಿ ಅವು ಲೆಕ್ಕದ ಪುಸ್ತಕಗಳ ರಟ್ಟುಗಳು. ಆರು ತಿಂಗಳಿಗೊಮ್ಮೆ ನಗರದ ಜಮಾಖರ್ಚಿನ ಪುಸ್ತಕ ಮುಗಿದಾಗ ಅದಕ್ಕೆ ಮರದ ಹೊದಿಕೆ ಹಾಕಿ, ಅದರ ಮೇಲೆ ಆ ಅವಧಿಯ ಖಜಾಂಚಿಯ ಚಿತ್ರವನ್ನೋ ಅಧಿಕಾರಿಗಳ ಮನೆತನದ ಲಾಂಛನಗಳನ್ನೋ ಬರೆಸುತ್ತಿದ್ದರು. ಉಳಿದವುಗಳಲ್ಲಿ ಅತ್ಯಂತ ಹಳೆಯದು 1258ರದು. ಅದರಲ್ಲಿರುವ ಖಜಾಂಚಿಯ ಹೆಸರು ಊಗೊ. ಆತ ಸಾನ್ ಗಲ್ಗಾನೊ ಮಠದ ಸಂನ್ಯಾಸಿ.

ಸಿಯೆನಾ ವರ್ತಕರ ಊರು. ಅಲ್ಲಿನ ಲೇವಾದೇವಿಗಾರರು ಆ ಕಾಲದ ಯೂರೋಪಿನಲ್ಲೆಲ್ಲ ಹೆಸರಾಗಿದ್ದರು. ಲೆಕ್ಕ ಬಲ್ಲವರಿಗೆ ಅಲ್ಲಿ ಬರವಿರಲಿಲ್ಲ. ಹಾಗಿದ್ದೂ ಬೊಕ್ಕಸದ ಕೀಲಿಯನ್ನು ಮತ್ತೆ ಮತ್ತೆ ಮಠದವರ ಕೈಗೆ ಕೊಟ್ಟರು. ಸಂನ್ಯಾಸಿಗೆ ಹೆಂಡತಿ ಮಕ್ಕಳಿಲ್ಲ, ಅಂಗಡಿ ಇಲ್ಲ, ಅಳಿಯನಿಗೊಂದು ಗುತ್ತಿಗೆ ಕೊಡಿಸಬೇಕೆಂಬ ಒತ್ತಡವಿಲ್ಲ. ಹಾಗೆಂದು ಕಾವಿಯನ್ನೇ ನಂಬಿ ಕೂರಲೂ ಇಲ್ಲ. 'ಬಿಕ್ಕೆರ್ನಾ' ಎಂದು ಕರೆಯುತ್ತಿದ್ದ ಆ ಖಜಾನೆ ಕಚೇರಿಯಲ್ಲಿ ಖಜಾಂಚಿಯ ಜೊತೆಗೆ ನಾಲ್ವರು ನಾಗರಿಕರು ಇರುತ್ತಿದ್ದರು. ಆರು ತಿಂಗಳಾದ ಮೇಲೆ ಎಲ್ಲರೂ ಬದಲಾಗುತ್ತಿದ್ದರು.

ಇಂದಿಗೂ ಸುಮಾರು 50 ಸಾವಿರ ಜನರಿರುವ ಈ ಪುಟ್ಟ ನಗರ 1287ರಿಂದ 1355ರವರೆಗೆ 'ಒಂಬತ್ತು ಜನ'ರ ಆಡಳಿತದಲ್ಲಿತ್ತು. ಹೆಸರೇ ಹೇಳುವಂತೆ ಒಂಬತ್ತು ಮಂದಿಯ ಸಮಿತಿ. ದೊಡ್ಡ ಜಮೀನುದಾರ ಮನೆತನಗಳವರಿಗೆ ಅದರಲ್ಲಿ ಪ್ರವೇಶವಿಲ್ಲ, ಮಧ್ಯಮ ದರ್ಜೆಯ ವರ್ತಕರದೇ ಕಾರಭಾರು. ಒಬ್ಬೊಬ್ಬರ ಅವಧಿ ಎರಡೇ ತಿಂಗಳು. ಆ ಎರಡು ತಿಂಗಳೂ ಮನೆಮಂದಿಯಿಂದ ದೂರವಾಗಿ ನಗರಭವನದಲ್ಲಿಯೇ ಉಂಡು ಮಲಗಬೇಕು. ಅವಧಿ ಮುಗಿದ ಮೇಲೆ ಇಪ್ಪತ್ತು ತಿಂಗಳು ಮತ್ತೆ ಆ ಪೀಠದ ಕಡೆ ತಲೆಹಾಕುವಂತಿಲ್ಲ. ನ್ಯಾಯ ಮತ್ತು ಶಿಸ್ತಿನ ಹೊಣೆ ಹೊತ್ತ 'ಪೊದೆಸ್ತಾ' ಎಂಬ ಅಧಿಕಾರಿಯಂತೂ ಬೇರೆ ಊರಿನವನೇ ಆಗಿರಬೇಕು. ಆತ ತನ್ನ ನ್ಯಾಯಾಧೀಶರನ್ನೂ ಗುಮಾಸ್ತರನ್ನೂ ಕಟ್ಟಿಕೊಂಡು ಬರುತ್ತಿದ್ದ. ಇಟಲಿಯ ಅನೇಕ ನಗರಗಳಲ್ಲಿ ಇಂಥ ಅಧಿಕಾರಿ ಸ್ಥಳೀಯರ ಮನೆಯಲ್ಲಿ ಊಟಕ್ಕೆ ಕೂರುವುದೂ ನಿಷಿದ್ಧವಾಗಿತ್ತು. ಹೊರಡುವ ಮುನ್ನ ಅವನ ನಡತೆಯ ವಿಚಾರಣೆ ನಡೆಯುತ್ತಿತ್ತು. ದೂರು ಇದ್ದವರು ಬಂದು ಹೇಳಬಹುದಿತ್ತು.

ಇಷ್ಟೆಲ್ಲ ನಿಯಮಗಳು ಲ್ಯಾಟಿನ್ ಭಾಷೆಯಲ್ಲಿದ್ದವು. ವಕೀಲರಿಗೂ ಪಾದ್ರಿಗಳಿಗೂ ಮಾತ್ರ ಗೊತ್ತಿದ್ದ ಭಾಷೆ ಅದು. 1309ರಲ್ಲಿ ನಗರದ ಇಡೀ ಕಾನೂನು ಸಂಹಿತೆಯನ್ನು ಜನರ ಆಡುನುಡಿಗೆ ಇಳಿಸಲು ಆಡಳಿತ ನಿರ್ಧರಿಸಿತು. ಲ್ಯಾಟಿನ್ ಬಾರದ ಬಡವರೂ ಓದಿ ನಕಲು ಮಾಡಿಕೊಳ್ಳುವಂತಿರಬೇಕು, ಒಳ್ಳೆಯ ಚರ್ಮದ ಹಾಳೆಗಳಲ್ಲಿ, ದಪ್ಪ ಸ್ಪಷ್ಟ ಅಕ್ಷರಗಳಲ್ಲಿ ಬರೆದಿರಬೇಕು, ಪ್ರತಿಯನ್ನು ಖಜಾನೆ ಕಚೇರಿಯಲ್ಲಿ ಇಟ್ಟಿರಬೇಕು ಎಂಬುದು ಅಪ್ಪಣೆ. ರಾನಿಯೇರಿ ಗೆಜ್ಜಿ ಎಂಬ ದಸ್ತಾವೇಜು ಬರಹಗಾರ ಮರುವರ್ಷದ ಹೊತ್ತಿಗೆ ಈ ಕೆಲಸ ಮುಗಿಸಿದ. ಆಡಳಿತ ಭಾಷೆಯ ಕುರಿತು ನಮ್ಮಲ್ಲಿ ದಶಕಗಳಿಂದ ನಡೆದಿರುವ ಚರ್ಚೆಯನ್ನು ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಗುತ್ತಿಗೆಯ ವಿಷಯ. 1308ರ ಅಕ್ಟೋಬರ್ 9ರಂದು ಚಿತ್ರಕಾರ ದುಚ್ಚೊ ಮತ್ತು ಪ್ರಧಾನ ಚರ್ಚಿನ ಕಾಮಗಾರಿ ಕಚೇರಿಯ ನಡುವೆ ಆದ ಕರಾರು ಇಂದಿಗೂ ಓದಲು ಸಿಗುತ್ತದೆ. ಈ ಕಚೇರಿಯ ಮೇಲೆ ನಗರಾಡಳಿತದ ಹತೋಟಿ ಇತ್ತು. ಮುಖ್ಯ ಪೀಠಕ್ಕೆ ಮೇರಿಮಾತೆಯ ದೊಡ್ಡ ಚಿತ್ರಫಲಕ ಬೇಕಾಗಿತ್ತು. ದುಚ್ಚೊ ಸ್ವಂತ ಕೈಯಿಂದಲೇ ಬರೆಯಬೇಕು, ಮುಗಿಯುವವರೆಗೆ ಬೇರೆ ಕೆಲಸ ಒಪ್ಪಿಕೊಳ್ಳಬಾರದು. ಕೆಲಸ ಮಾಡಿದ ದಿನಕ್ಕೆ 16 ಸೋಲ್ದಿ ಕೂಲಿ, ತಪ್ಪಿಸಿಕೊಂಡ ಹೊತ್ತಿಗೆ ಕಡಿತ. ಬಣ್ಣ, ಚಿನ್ನ, ಮರ ಮೊದಲಾದ ಸಾಮಗ್ರಿಯೆಲ್ಲ ಕಚೇರಿಯದು. ಮೋಸ ಮಾಡುವುದಿಲ್ಲವೆಂದು ಬೈಬಲ್ ಮುಟ್ಟಿ ಪ್ರಮಾಣ.

ಸಾಮಗ್ರಿಯನ್ನು ಕಚೇರಿಯೇ ಒದಗಿಸಿದ್ದರ ಹಿಂದೆ ಅನುಭವವಿದ್ದಂತೆ ತೋರುತ್ತದೆ. ಚಿನ್ನದ ರೇಕು, ನೀಲಿ ಬಣ್ಣ ಬಲು ದುಬಾರಿ. ಒಟ್ಟು ಮೊತ್ತಕ್ಕೆ ಗುತ್ತಿಗೆ ಹಿಡಿದವನು ಮೊದಲು ಕೈಬಿಗಿ ಮಾಡುವುದೇ ಅಲ್ಲಿ. ಸಿಮೆಂಟಿನ ಪ್ರಮಾಣ ಕಡಿಮೆಯಾದ ಸೇತುವೆಯನ್ನು ಕಂಡವರಿಗೆ ಇದು ಹೊಸದಲ್ಲ. ದುಚ್ಚೊ ಮಹಾ ಕಲಾವಿದನಾದರೂ ಸಾಲಗಾರ, ಹಲವು ಬಾರಿ ದಂಡ ತೆತ್ತ ಆಸಾಮಿ ಎಂಬುದೂ ನಗರದ ಕಡತಗಳಲ್ಲೇ ಇತ್ತು! ಆದರೆ ದಿನಗೂಲಿಗೂ ಒಂದು ದೋಷವಿದೆ: ಕೆಲಸ ಎಳೆದಷ್ಟೂ ಕೂಲಿ. ಅದರಿಂದಲೋ ಏನೋ, ಫಲಕದ ಹಿಂಬದಿಯ ಬಗ್ಗೆ ಆದ ಇನ್ನೊಂದು ಒಪ್ಪಂದದಲ್ಲಿ ಲೆಕ್ಕವೇ ಬೇರೆ. ಅಲ್ಲಿ ಒಟ್ಟು 38 ದೃಶ್ಯಗಳೆಂದು ಎಣಿಸಿ ದೃಶ್ಯವೊಂದಕ್ಕೆ ಎರಡೂವರೆ ಫ್ಲೋರಿನ್ ಎಂದು ಗೊತ್ತುಮಾಡಿದರು. ಎರಡು ವರ್ಷ ಎಂಟು ತಿಂಗಳಲ್ಲಿ ಕೆಲಸ ಮುಗಿಯಿತು. 1311ರ ಜೂನ್ 9ರಂದು ಅಂಗಡಿ ಮುಚ್ಚಿ, ಗಂಟೆ ಬಾರಿಸಿ, ಕಹಳೆ ಊದಿ, ಊರವರೆಲ್ಲ ಮೆರವಣಿಗೆಯಲ್ಲಿ ಆ ಫಲಕವನ್ನು ಚರ್ಚಿಗೆ ಒಯ್ದರು.

ಇದನ್ನು ಓದಿ ಸಿಯೆನಾವನ್ನು ರಾಮರಾಜ್ಯವೆಂದು ತಿಳಿಯಬೇಕಾಗಿಲ್ಲ. ನಗರದ ಆದಾಯದ ದೊಡ್ಡ ಮೂಲ ಸುಂಕ. ಅದರ ವಸೂಲಿ ಹಕ್ಕನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುತ್ತಿದ್ದರು. ಬೊಕ್ಕಸ ಬರಿದಾದಾಗ ಶ್ರೀಮಂತರಿಂದ ಬಡ್ಡಿಗೆ ಸಾಲ ಎತ್ತುತ್ತಿದ್ದರು. ಸಾಲ ಕೊಟ್ಟವರಲ್ಲಿ 'ಒಂಬತ್ತು ಜನ'ರ ವರ್ಗದವರೇ ಇದ್ದರು. ಅವರು ಎರಡು ತಿಂಗಳು ಪೀಠದಲ್ಲಿ, ಉಳಿದ ಕಾಲ ಪೀಠಕ್ಕೆ ಸಾಲ ಕೊಟ್ಟವರ ಸಾಲಿನಲ್ಲಿ! ವ್ಯಕ್ತಿಗಳು ಬದಲಾಗುತ್ತಿದ್ದರೇ ಹೊರತು ವರ್ಗ ಬದಲಾಗುತ್ತಿರಲಿಲ್ಲ. ಒಬ್ಬೊಬ್ಬ ಅಧಿಕಾರಿಯ ಕೈಯನ್ನು ಕಟ್ಟಲು ಅಷ್ಟೊಂದು ಹಗ್ಗ ಹೊಸೆದ ಕಾನೂನಿಗೆ ಈ ದಾರಿ ಕಾಣಲಿಲ್ಲ, ಅಥವಾ ಕಂಡೂ ಸುಮ್ಮನಿತ್ತು.

ಕಳ್ಳತನವಿಲ್ಲದೆಯೂ ದುಡ್ಡು ಪೋಲಾಗುವ ಇನ್ನೊಂದು ಬಗೆಯಿದೆ. ಒಳನಾಡಿನ ಈ ಊರಿಗೆ ಬಂದರು ಬೇಕೆನ್ನಿಸಿತು. 1303ರಲ್ಲಿ ತಲಮೋನೆ ಎಂಬ ಸಮುದ್ರತೀರದ ಜಾಗವನ್ನು 8,000 ಫ್ಲೋರಿನ್ ಕೊಟ್ಟು ಕೊಂಡರು. ಅದು ಮಲೇರಿಯಾದ ಕೊಂಪೆ, ಬಂದರು ಏಳಿಗೆಯಾಗಲಿಲ್ಲ. ಬೆಟ್ಟದ ಮೇಲಿನ ನಗರಕ್ಕೆ ನೀರಿನ ತಾಪತ್ರಯವಿತ್ತು. ನೆಲದಡಿ ಸುರಂಗ ಕೊರೆದು ದೂರದ ಒರತೆಗಳಿಂದ ನೀರು ತಂದದ್ದು ಅವರ ನಿಜವಾದ ಸಾಹಸ. ಅದು ಸಾಲದೆಂಬಂತೆ ನಗರದ ಕೆಳಗೆ 'ಡಯಾನಾ' ಎಂಬ ಗುಪ್ತನದಿ ಹರಿಯುತ್ತಿದೆಯೆಂದು ನಂಬಿ ಅದನ್ನು ಹುಡುಕಲೂ ಹಣ ಸುರಿದರು. ನದಿ ಸಿಗಲಿಲ್ಲ. ಈ ಎರಡನ್ನೂ ಹಿಡಿದು ಫ್ಲಾರೆನ್ಸಿನ ಡಾಂಟೆ ತನ್ನ ಮಹಾಕಾವ್ಯದಲ್ಲಿ ಸಿಯೆನಾದವರನ್ನು ಗೇಲಿ ಮಾಡಿದ್ದಾನೆ. ಪಕ್ಕದೂರಿನವನ ಕಣ್ಣಿಗೆ ಇಂಥವು ಬೇಗ ಬೀಳುತ್ತವೆ.

ಫ್ಲಾರೆನ್ಸಿನ ಮೇಲಿನ ಪೈಪೋಟಿಯೇ ಕೊನೆಗೆ ದೊಡ್ಡ ಹೊಂಡಕ್ಕೆ ಕೆಡವಿತು. ಇದ್ದ ಚರ್ಚನ್ನು ಪೂರ್ವದ ಇಳಿಜಾರಿನ ಕಡೆಗೆ ಬೆಳೆಸುತ್ತಿದ್ದಾಗ 1322ರ ಫೆಬ್ರುವರಿಯಲ್ಲಿ ಲೊರೆಂಜೊ ಮೈತಾನಿ ಮತ್ತಿತರ ವಾಸ್ತುಶಿಲ್ಪಿಗಳ ಅಭಿಪ್ರಾಯ ಕೇಳಲಾಯಿತು. ತಳಪಾಯ ಸಾಲದು, ಈ ಕೆಲಸ ಮುಂದುವರಿಸಬೇಡಿ, ಬೇಕಿದ್ದರೆ ಬೇರೊಂದು ಚರ್ಚನ್ನೇ ಕಟ್ಟಿ ಎಂದು ಅವರು ವರದಿ ಕೊಟ್ಟರು. ವರದಿ ಕಡತ ಸೇರಿತು, ಕೆಲಸ ಮುಂದುವರಿಯಿತು. 1339ರಲ್ಲಿ ಮಹಾಸಭೆ ಇನ್ನೂ ದೊಡ್ಡ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಇರುವ ಇಡೀ ಚರ್ಚೇ ಹೊಸದರ ಅಡ್ಡತೋಳಾಗುವಷ್ಟು ದೊಡ್ಡ ಕಟ್ಟಡ ಅದು. ಗಂಟೆ ಹೊಡೆದು ಸೇರಿಸುತ್ತಿದ್ದ ಆ ಸಭೆಯಲ್ಲಿ ನಗರದ ಮೂರು ಭಾಗಗಳಿಂದ ತಲಾ ನೂರರಂತೆ ಸದಸ್ಯರಿದ್ದರು. ಅಂದರೆ ಇದು ಯಾರೋ ಒಬ್ಬನ ಹುಚ್ಚಲ್ಲ, ನಿಯಮದ ಪ್ರಕಾರವೇ ಆದ ಠರಾವು.

ಅದೇ ಹೊತ್ತಿಗೆ, 1338-39ರಲ್ಲಿ, ಅಂಬ್ರೋಜೊ ಲೊರೆಂಜೆಟ್ಟಿ 'ಒಂಬತ್ತು ಜನ' ಕೂರುವ ಕೋಣೆಯ ಗೋಡೆಗಳ ಮೇಲೆ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಚಿತ್ರ ಬರೆಯುತ್ತಿದ್ದ. ಒಳ್ಳೆಯ ಆಡಳಿತದ ಊರಿನಲ್ಲಿ ಗಾರೆ ಕೆಲಸದವರು ನೆಮ್ಮದಿಯಾಗಿ ಮನೆ ಕಟ್ಟುತ್ತಿದ್ದಾರೆ. ಕೆಟ್ಟ ಆಡಳಿತದ ದೊರೆಯ ತಲೆಯ ಮೇಲೆ ಲೋಭ, ಗರ್ವ, ಒಣಜಂಭ ತೇಲುತ್ತಿವೆ.

1348ರಲ್ಲಿ ಪ್ಲೇಗ್ ಬಂತು. ನಗರದ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಸತ್ತರೆಂದು ಇತಿಹಾಸಕಾರರ ಅಂದಾಜು. 1355ರಲ್ಲಿ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಊರಿಗೆ ಬಂದಾಗ ದಂಗೆಯೆದ್ದು 'ಒಂಬತ್ತು ಜನ'ರ ಆಡಳಿತ ಉರುಳಿತು. ಮರುವರ್ಷ ಮತ್ತೆ ತಜ್ಞರನ್ನು ಕರೆಸಿದರು. ಫ್ಲಾರೆನ್ಸಿನಿಂದ ಬಂದ ಬೆಂಚಿ ದಿ ಚೋನೆ ಅವರಲ್ಲೊಬ್ಬ. ಕಂಬಗಳು ಭಾರ ಹೊರಲಾರವೆಂಬುದು ಅವರ ತೀರ್ಮಾನ. 1357ರಲ್ಲಿ ಅಪಾಯಕಾರಿ ಭಾಗಗಳನ್ನು ಕೆಡವಲು ಆಜ್ಞೆಯಾಯಿತು.

ಕೆಡವದೆ ಬಿಟ್ಟ ಮುಂಭಾಗದ ಎತ್ತರದ ಗೋಡೆ ಇನ್ನೂ ನಿಂತಿದೆ. ಪ್ರವಾಸಿಗಳು ಟಿಕೆಟ್ ಪಡೆದು ಅದರ ಮೇಲೆ ಹತ್ತಿ ಊರು ನೋಡುತ್ತಾರೆ. ಅರ್ಧಕ್ಕೆ ನಿಂತ ಆ ಕಟ್ಟಡದ ಒಂದು ಪಕ್ಕವನ್ನು ಗೋಡೆ ಹಾಕಿ ಮುಚ್ಚಿ ಈಗ ವಸ್ತುಸಂಗ್ರಹಾಲಯ ಮಾಡಿದ್ದಾರೆ. ದಿನಗೂಲಿಯ ಲೆಕ್ಕದಲ್ಲಿ ದುಚ್ಚೊ ಬರೆದ ಫಲಕವನ್ನು 1771ರಲ್ಲಿ ಕೊಯ್ದು ಬಿಡಿಸಿದ್ದರಿಂದ ಕೆಲವು ತುಂಡುಗಳು ಲಂಡನ್, ವಾಷಿಂಗ್ಟನ್‌ಗಳನ್ನು ಸೇರಿವೆ. ಉಳಿದ ಬಹುಭಾಗ ಇರುವುದು ಅಲ್ಲಿಯೇ.